ರಿಜಿಸ್ಟರಿನಲ್ಲಿ ಇಲ್ಲದ ಬೆಕ್ಕು

ಪಶು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಆಕಳಿಗೆ ಒಂದು ಕಾಲಂ ಇತ್ತು, ಎಮ್ಮೆಗೆ ಒಂದು, ಎತ್ತಿಗೆ ಒಂದು, ಕುರಿ, ಆಡು, ಕೋಳಿಗೂ ಒಂದೊಂದು. ಬೆಕ್ಕಿಗೆ ಇರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸವದತ್ತಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಸ್ಕೇಲು ಇಟ್ಟು, ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಮೇಲೆ ‘ಬೆಕ್ಕು’ ಎಂದು ಬರೆದೆ. ನನ್ನ ನೌಕರಿಯ ಜಗಳಗಳೆಲ್ಲ ಶುರುವಾದದ್ದು ಆ ಗೆರೆಯಿಂದ.

ನಿವೃತ್ತರಾದವರು ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂದು ಪಟ್ಟಿ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಬಡ್ತಿ ಎಂಬುದು ಕೂದಲು ನೆರೆತಂತೆ, ಸುಮ್ಮನೆ ಕುಳಿತರೂ ಬರುತ್ತದೆ. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು ಎಂದು ಬಸ್ಸಿನ ಕಿಟಕಿಯಲ್ಲಿ ಧೂಳು ತಿಂದು ನಾನು ಕಲಿತದ್ದು ಬಹಳಿಲ್ಲ. ಕಲಿತದ್ದರಲ್ಲಿ ಒಂದನ್ನು ಮಾತ್ರ, ಈಗ ಹೊಸದಾಗಿ ದನದ ಡಾಕ್ಟರಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ಹೇಳಿಯೇ ತೀರಬೇಕೆಂದು ಕುಳಿತಿದ್ದೇನೆ. ಅದು ಬೆಕ್ಕಿನ ಚರ್ಮರೋಗದ ಕಥೆ. ‘ಅಷ್ಟೇನಾ’ ಅನ್ನುವವರು ಇಲ್ಲಿಗೇ ಪುಸ್ತಕ ಮುಚ್ಚಿಡಬಹುದು, ನನಗೇನೂ ಬೇಸರವಿಲ್ಲ.

ಗೆರೆ ಎಳೆದ ತಿಂಗಳಲ್ಲೇ ಸಾಹೇಬರು ತಪಾಸಣೆಗೆ ಬಂದರು. ಹೆಸರು ಬೇಡ, ಸಾಹೇಬರು ಎಂದರೆ ಸಾಕು. ನನ್ನನ್ನು ಎಲ್ಲರೂ ಅನ್ನುವಂತೆ ಅವರೂ ‘ಬಾಯಾರ’, ಅಂದರೆ ಮೇಡಂ, ಅನ್ನುತ್ತಿದ್ದರು. ಬೆರಳನ್ನು ಆ ಕಾಲಮಿನ ಮೇಲಿಟ್ಟು ಕೇಳಿದರು:

“ಬಾಯಾರ, ಏನ್ರಿ ಇದು?”

“ಬೆಕ್ಕಿನ ಕಾಲಂ ರೀ ಸರ್. ಬೆಕ್ಕ ತಗೊಂಡ ಮಂದಿ ಬರಾಕತ್ತಾರ.”

“ಇದು ಸರಕಾರದ ನಮೂನಿ, ನಿಮ್ಮ ಮನಿ ಗ್ವಾಡಿ ಅಲ್ಲ ಗೆರಿ ಹೊಡ್ಯಾಕ. ಬೆಕ್ಕ ಏನ್ ಹಾಲ ಹಿಂಡತೈತೇನು? ಹೊಲದಾಗ ಗಳೇ ಹೊಡಿತೈತೇನು?”

“ಬೆಕ್ಕ ಇಲ್ಲಂದ್ರ ನಿಮ್ಮ ಮನಿ ಜ್ವಾಳದ ಚೀಲ ಇಲಿ ಪಾಲ ಆಗತಾವ್ರಿ ಸರ್.”

ಅಳಿಸಿ ಎಂದರು. ಅಳಿಸಿದೆ. ಮರುದಿನ ಹೊಸ ಪುಟದಲ್ಲಿ ಪೆನ್ನಿನಿಂದಲೇ ಎಳೆದೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟು ನಾನೇ.

ನಮ್ಮ ಕಡೆ ಗಜಕರ್ಣ ಅನ್ನುವ ರೋಗವನ್ನು ಬೇರೆ ಕಡೆ ಹುಳುಕಡ್ಡಿ ಅನ್ನುತ್ತಾರೆ. ಚರ್ಮದ ಮೇಲೆ ಬಳೆಯಷ್ಟು ದುಂಡಗೆ ಕೆಂಪು ಅಂಚು, ನಡುವೆ ಒಣ ಹೊಪ್ಪಳೆ, ತಡೆಯಲಾರದ ನವೆ. ಹೆಸರಿನಲ್ಲಿ ಹುಳು ಇದ್ದರೂ ಅದು ಹುಳುವಲ್ಲ. ಮಳೆಗಾಲದಲ್ಲಿ ರೊಟ್ಟಿಯ ಮೇಲೆ ಬರುವ ಬೂಸ್ಟಿನ ಜಾತಿಯದು. ಬೆಕ್ಕಿನಿಂದ ಮನುಷ್ಯರಿಗೆ ಬರುತ್ತದೆ, ಮನುಷ್ಯರಿಂದ ಬೆಕ್ಕಿಗೂ ಹೋಗುತ್ತದೆ. ಇಷ್ಟು ನಾನು ಕಾಲೇಜಿನಲ್ಲೇ ಓದಿದ್ದೆ. ಓದಿದ್ದರಿಂದಲೇ ಸವದತ್ತಿ ಹತ್ತಿರದ ಹೂಲಿಯಲ್ಲಿ ತಪ್ಪು ಮಾಡಿದೆ.

ಹೂಲಿಯ ಒಂದು ಒಕ್ಕಲುತನದ ಮನೆ. ನಾಲ್ಕು ಮಕ್ಕಳ ಮೈಮೇಲೂ ಗಜಕರ್ಣ. ಮನೆಯ ಅಜ್ಜಿ ಪ್ರತಿ ಕಲೆಯ ಸುತ್ತಲೂ ಮಸಿಪೆನ್ನಿನಿಂದ ದುಂಡಗೆ ಗೆರೆ ಬರೆದಿದ್ದಳು. ಆ ಗೆರೆಯನ್ನು ರೋಗ ದಾಟುವುದಿಲ್ಲ ಎಂಬುದು ಅವಳ ಲೆಕ್ಕ. ರೋಗ ದಾಟಿತ್ತು. ಅವಳು ಮತ್ತೊಂದು ದೊಡ್ಡ ಗೆರೆ ಬರೆದಿದ್ದಳು. ಮಕ್ಕಳ ಬೆನ್ನು ನೋಡಿದರೆ ಭೂಪಟ. ನಾನು ನಕ್ಕೆ. ನಗಬಾರದಿತ್ತು.

ಆ ಮನೆಯಲ್ಲಿ ಎರಡು ಬೆಕ್ಕು. ತಾಯಿ ಬೆಕ್ಕು ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು. ಮರಿಯ ಕಿವಿ, ಮೂತಿಯ ಕೂದಲು ಉದುರಿ ಹೊಪ್ಪಳೆ ಕಟ್ಟಿತ್ತು. ನನಗೆ ಅನುಮಾನವೇ ಬರಲಿಲ್ಲ. “ಈ ಮರಿನ ಕಾರಣ. ಇದನ್ನ ದೂರ ಮಾಡ್ರಿ,” ಎಂದು ಹೇಳಿ, ಮಕ್ಕಳನ್ನು ದವಾಖಾನೆಗೆ ಒಯ್ಯಲು ತಿಳಿಸಿ ಬಂದೆ. ಅವರು ಮರಿಯನ್ನು ಚೀಲದಲ್ಲಿ ಹಾಕಿ ಎರಡು ಊರಾಚೆಯ ಹೊಲದಲ್ಲಿ ಬಿಟ್ಟು ಬಂದರು.

ಮೂರು ತಿಂಗಳ ಮೇಲೆ ಅದೇ ಅಜ್ಜಿ ಸವದತ್ತಿಗೆ ಬಂದಳು. ಮಕ್ಕಳಿಗೆ ಇನ್ನೂ ಹೆಚ್ಚಾಗಿತ್ತು. ನನ್ನ ಎಡಗೈಯಲ್ಲೂ ಒಂದು ಬಳೆ ಎದ್ದಿತ್ತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಅಂದು ತಾಯಿ ಬೆಕ್ಕನ್ನು ತರಿಸಿ, ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಮೈಯೆಲ್ಲ ಬಾಚಿ, ಉದುರಿದ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಕೂದಲಿನ ಸುತ್ತ ಬೂಸ್ಟಿನ ಬೀಜಗಳು ಸಾಸಿವೆ ಮೆತ್ತಿದಂತೆ ಮೆತ್ತಿಕೊಂಡಿದ್ದವು. ಮೈಮೇಲೆ ಒಂದು ಕಲೆಯೂ ಇಲ್ಲದ ಬೆಕ್ಕು ರೋಗ ಹೊತ್ತು ತಿರುಗುತ್ತಿತ್ತು. ಮರಿಗೂ ಅದೇ ಕೊಟ್ಟಿತ್ತು.

ಅಜ್ಜಿ ಎಲ್ಲ ಕೇಳಿ ಒಂದೇ ಮಾತು ಅಂದಳು: “ಹಂಗಾರ ಆ ಮರಿಗೆ ಯಾಕ ಶಿಕ್ಷಾ ಕೊಟ್ರಿ, ಬಾಯಾರ?”

ನನ್ನ ನೌಕರಿಯಲ್ಲಿ ಎಷ್ಟೋ ಮೆಮೋ ಬಂದಿವೆ. ಯಾವುದಕ್ಕೂ ನಾನು ತಲೆ ತಗ್ಗಿಸಿಲ್ಲ. ಆ ಅಜ್ಜಿಯ ಮುಂದೆ ತಗ್ಗಿಸಿದೆ.

ಅಲ್ಲಿಂದ ಬೈಲಹೊಂಗಲಕ್ಕೆ ವರ್ಗವಾಯಿತು. ಅಲ್ಲಿ ಒಂದು ದಿನ ಬ್ಯಾಂಕಿನಲ್ಲಿ ನಿಂತಿದ್ದಾಗ, ಕ್ಯಾಶಿಯರ್ ಒಂದು ನೇರಳೆ ಟ್ಯೂಬಿನ ಕೆಳಗೆ ನೋಟು ಹಿಡಿದು ನೋಡುತ್ತಿದ್ದ. ಖೋಟಾ ನೋಟು ಹಿಡಿಯುವ ದೀಪ, ಆಗಷ್ಟೇ ಬಂದಿತ್ತು. ಎಲ್ಲರೂ ನೋಟು ನೋಡಿದರೆ ನಾನು ದೀಪ ನೋಡಿದೆ. ಗಜಕರ್ಣ ಹತ್ತಿದ ಬೆಕ್ಕಿನ ಕೂದಲು ಅಂಥ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ ಎಂದು ಓದಿದ್ದೆ. ಆ ದೀಪ ದೊಡ್ಡ ಕಾಲೇಜುಗಳಲ್ಲಿ ಮಾತ್ರ ಇರುತ್ತದೆ ಎಂದು ತಿಳಿದಿದ್ದೆ. ಬೆಳಗಾವಿಗೆ ಹೋದಾಗ ಅಂಥದ್ದೊಂದನ್ನು ಕೊಂಡು ತಂದೆ. ಎಲ್ಲ ಬೆಕ್ಕುಗಳೂ ಹೊಳೆಯುವುದಿಲ್ಲ. ರೋಗವಿದ್ದೂ ಹೊಳೆಯದವು ಬೇಕಾದಷ್ಟಿವೆ. ಆದರೂ ನೂಲಿನ ಬಣ್ಣ ಹಗಲಿಗೆ ಹಿಡಿದು ನೋಡುವವರಂತೆ ನಾನು ಕಂಡ ಕಂಡ ಬೆಕ್ಕನ್ನು ಕತ್ತಲೆಗೆ ಒಯ್ದು ನೋಡತೊಡಗಿದೆ. ಬೈಲಹೊಂಗಲದಲ್ಲಿ ನನಗೆ ‘ಬೆಕ್ಕಿನಬಾಯಿ’ ಎಂದು ಹೆಸರು ಬಿತ್ತು. ಬೀಳಲಿ.

ಇನ್ನು ರಾಮದುರ್ಗದ ಸಂಗತಿ. ಎರಡು ಸಾವಿರದ ಇಸವಿ ದಾಟಿತ್ತು. ಆ ಮನೆಯವರು ಇನ್ನೂ ಇದ್ದಾರೆ, ಹಾಗಾಗಿ ಓಣಿ ಯಾವುದೆಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ.

ಈರಣ್ಣ ಎಂಬ ನೇಕಾರ ಹುಡುಗ ಕೆಚ್ಚಲು ಬಾತ ಆಡನ್ನು ಹಿಡಿದುಕೊಂಡು ಬಂದ. ಆಡನ್ನು ಹಿಡಿಯಲು ಧೋತರ ಮೇಲೆ ಕಟ್ಟಿದ. ಎರಡೂ ಮೀನಖಂಡಗಳ ಮೇಲೆ ಬಳೆ ಬಳೆ ಗಜಕರ್ಣ.

“ಇದು ಎಷ್ಟ ದಿನದಿಂದ ಐತಿ?”

“ಇದಾ? ಇದೇನಲ್ಲ ಬಿಡ್ರಿ ಬಾಯಾರ. ಮಗ್ಗದ ಕುಣ್ಯಾಗ ಕಾಲ ಇಳೇ ಬಿಟ್ಟು ಕುಂತಿರತೇವಲ್ಲ, ತಂಪಿಗೆ ಆಗೇತಿ.”

“ಮನ್ಯಾಗ ಬೆಕ್ಕ ಐತೇನು?”

ಗಂಜಿ ಹಾಕಿದ ನೂಲೆಂದರೆ ಇಲಿಗಳಿಗೆ ಹಬ್ಬದೂಟ. ಬೆಕ್ಕಿಲ್ಲದ ನೇಕಾರರ ಮನೆ ನಾನು ಕಂಡಿಲ್ಲ. ಆದರೂ ಕೇಳಿದೆ. ಈರಣ್ಣ ನೆಲ ನೋಡಿದ.

“ಎರಡ ಇದ್ದುವ್ರಿ. ಒಂದು ಹೋತು. ಅದರ ಜೋಡಿ ನನ್ನ ಹೇಣ್ತೀನೂ ಹೋದಳ್ರಿ.”

ಆಡಿನ ಕೆಚ್ಚಲಿಗೆ ಔಷಧಿ ಹಾಕುತ್ತಲೇ ಅವನ ಬಾಯಿ ಬಿಡಿಸಿದೆ. ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ನೀಲವ್ವ ಕಿತ್ತೂರ ಕಡೆಯವಳು. ದೀಪಾವಳಿಗೆ ತವರಿಗೆ ಹೋಗಿ ಬರುವಾಗ ಬುಟ್ಟಿಯಲ್ಲಿ ಒಂದು ಬೆಕ್ಕಿನ ಮರಿ ತಂದಿದ್ದಳು. ಆಮೇಲೆ ಅವಳ ಕುತ್ತಿಗೆ, ತೋಳು, ಸೊಂಟದ ಮೇಲೆ ಕಲೆ ಎದ್ದವು. ಅತ್ತೆ ಗಂಗವ್ವ ‘ಇದು ದೊಡ್ಡ ರೋಗ’ ಎಂದಳು. ದವಾಖಾನೆಯ ಡಾಕ್ಟರು ಸೂಜಿ ಮುಟ್ಟಿಸಿ ನೋಡಿ, ಕುಷ್ಠವಲ್ಲ ಎಂದು ಹೇಳಿ ಒಂದು ಮುಲಾಮು ಕೊಟ್ಟರು. ಆ ಮುಲಾಮಿಗೆ ನವೆ ತಗ್ಗಿತು, ಕಲೆ ಮೈತುಂಬ ಹರಡಿತು. ಗಂಗವ್ವ ಸೊಸೆಯನ್ನು, ಮರಿಯನ್ನು, ಅದೇ ಬುಟ್ಟಿಯನ್ನು ಒಟ್ಟಿಗೆ ಬಸ್ಸು ಹತ್ತಿಸಿ ತವರಿಗೆ ಕಳಿಸಿದಳು. ಮಗನಿಗೆ ಬೇರೆ ಹೆಣ್ಣು ನೋಡಿಯಾಗಿತ್ತು. ಬರುವ ಅಮಾವಾಸ್ಯೆ ಕಳೆದ ಮೇಲೆ ಹಿರಿಯರು ಕೂಡಿ ಮಾತು ಮುಗಿಸುವವರಿದ್ದರು.

“ನಿನ್ನ ಕಾಲಾಗಿನ ಕಲಿ ನಿಮ್ಮವ್ವ ನೋಡ್ಯಾಳೇನು?”

“ಇಲ್ರಿ. ಧೋತರ ಇಳೇ ಬಿಟ್ಟಿರತೇನ್ರಿ.”

“ಹೇಣ್ತಿ ಹೋಗೂಕಿಂತ ಮೊದಲ ಇದ್ದುವೋ ಇಲ್ಲೋ?”

ಧೋತರ ಕೆಳಗೆ ಎಳೆದುಕೊಂಡ. “ಇದ್ದುವ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. “ಭಲೇ ಗಂಡಸು! ಅಕಿ ಮೈ ಎಲ್ಲಾರೂ ನೋಡ್ಲಿ, ನಿನ್ನ ಕಾಲ ಮಾತ್ರ ಯಾರೂ ನೋಡಬಾರದು? ಬೆಕ್ಕ ಕಣ್ಣ ಮುಚ್ಚಿ ಹಾಲ ಕುಡದಂಗ ಆತು ನಿನ್ನ ಬಾಳೇವು!” ಆಡು ಬೆದರಿ ಎಳೆದಾಡಿತು.

ಆ ಭಾನುವಾರ ದೀಪವನ್ನು ಚೀಲದಲ್ಲಿಟ್ಟುಕೊಂಡು ಕಿತ್ತೂರ ಬಸ್ಸು ಹತ್ತಿದೆ. ಕಿತ್ತೂರು ನನ್ನ ವ್ಯಾಪ್ತಿಯಲ್ಲ, ಗೊತ್ತಿತ್ತು. ಹೂಲಿಯ ಮರಿ ಬಿಟ್ಟು ಬಂದ ಹೊಲವೂ ನನ್ನ ವ್ಯಾಪ್ತಿಯಲ್ಲಿರಲಿಲ್ಲ.

ನೀಲವ್ವನ ತವರು ಕಿತ್ತೂರಿಗೆ ಹತ್ತಿರದ ಒಂದು ಹಳ್ಳಿ. ಹೊರಗಿನ ಕಟ್ಟೆಯ ಮೇಲೆ ಅವಳ ಹಾಸಿಗೆ, ಪಕ್ಕದಲ್ಲಿ ಅವಳಿಗೆಂದೇ ಬೇರೆ ಇಟ್ಟ ಒಂದು ತಾಟು, ಒಂದು ತಂಬಿಗೆ. ಹೆತ್ತ ತಾಯಿಯೂ ದೂರದಿಂದಲೇ ರೊಟ್ಟಿ ಇಡುತ್ತಿದ್ದಳು. ಅಳುತ್ತ ಕುಳಿತ ಹೆಣ್ಣುಮಗಳನ್ನು ನೋಡಲು ನಾನು ಸಿದ್ಧವಾಗಿ ಹೋಗಿದ್ದೆ. ನೀಲವ್ವ ಅಳುತ್ತಿರಲಿಲ್ಲ. ಬೆಕ್ಕಿನ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

“ಅದನ್ನ ಯಾಕ ಮುಟ್ಟತಿ, ತಂಗಿ? ಗುಣ ಆಗೂತನ ದೂರಿಡು,” ಎಂದೆ.

“ನನ್ನ ಯಾರೂ ಮುಟ್ಟಂಗಿಲ್ರಿ. ಇದನ್ನೂ ಯಾರೂ ಮುಟ್ಟಂಗಿಲ್ಲ. ಇಬ್ಬರೂ ಕೂಡೇ ಇರತೇವಿ,” ಎಂದಳು. ಆಮೇಲೆ ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿ, “ಎಲ್ಲಾರೂ ಮಾರಿ ಕೆಳಗ ಹಾಕ್ಕೊಂಡ ಕುಂದ್ರು ಅಂತಾರ. ನಾ ಏನ್ ಕಳುವು ಮಾಡೇನೇನ್ರಿ, ಮಾರಿ ಕೆಳಗ ಹಾಕಾಕ?” ಎಂದಳು.

ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು. ಸುಳ್ಳೇಕೆ ಹೇಳಲಿ, ನನ್ನದೇ ಬುದ್ಧಿ ಅವಳಲ್ಲಿ ಕಂಡಿತು.

ಹೊಟ್ಟು ತುಂಬುವ ಕತ್ತಲ ಕೋಣೆಯಲ್ಲಿ ದೀಪ ಹಚ್ಚಿ ನೋಡಿದೆ. ಮರಿಯ ಕಿವಿಯಲ್ಲಿ ನಾಲ್ಕು ಕೂದಲು ಹಸಿರು. ಆ ಮರಿಯ ತಾಯಿ, ಒಡಹುಟ್ಟಿದ ಮೂರು ಮರಿ, ಒಂದರಲ್ಲೂ ಏನೂ ಇಲ್ಲ. ಆಮೇಲೆ ರಾಮದುರ್ಗಕ್ಕೆ ಬಾಚಿ ತಂದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಏನೂ ಸಿಗಲಿಲ್ಲ. ಆ ಮನೆಯಲ್ಲಿ ನೀಲವ್ವನನ್ನು ಬಿಟ್ಟು ಯಾರಿಗೂ ಕಲೆಯಿಲ್ಲ. ಅಂದರೆ ಮರಿ ರೋಗ ಒಯ್ಯಲಿಲ್ಲ, ರಾಮದುರ್ಗದಲ್ಲಿ ಹತ್ತಿಸಿಕೊಂಡಿತು. ನನಗೆ ಇದು ಖಾತ್ರಿಯಾಯಿತು. ಗಂಗವ್ವನಿಗೆ ಆಗಬೇಕಲ್ಲ?

“ಅಲ್ಲಿ ನೀ ಎಲ್ಲಿ ಮಲಗತಿದ್ದಿ?” ಎಂದು ಅಂದು ಹೊರಡುವ ಮೊದಲು ನೀಲವ್ವನನ್ನು ಕೇಳಿದೆ.

“ಅತ್ತಿ ಹಳೀ ಅರಿಬಿ ಕೂಡಿಸಿ ಹೊಲದ ಕೌದಿ ಮ್ಯಾಲ್ರಿ. ಮದವಿ ಗೊತ್ತಾದಾಗಿಂದ ಆರ ತಿಂಗಳ ಕುಂತ ಹೊಲದಾಳಂತ. ನನ್ನ ಮನಿ ತುಂಬಿಸಿಕೊಂಡ ದಿನಾ ತಾನ ಹಾಸಿ ಕೊಟ್ಟಳು.”

ಕೇಳಿದೆ, ತಲೆಯಾಡಿಸಿದೆ, ಬಸ್ಸು ಹತ್ತಿದೆ. ಉತ್ತರ ಕೈಗೆ ಬಂದಿತ್ತು, ನನಗೆ ಹೊಳೆಯಲಿಲ್ಲ.

ಆಡಿನ ಕೆಚ್ಚಲು ನೋಡುವ ನೆಪದಲ್ಲಿ, ಕರೆಂಟು ಇರುವ ಹೊತ್ತು ನೋಡಿಕೊಂಡು ಗಂಗವ್ವನ ಮನೆಗೆ ಹೋದೆ. ಗಂಗವ್ವ ಕೆಟ್ಟವಳಲ್ಲ. ಗಂಡ ಸತ್ತ ಮೇಲೆ ಮಗ್ಗ ನಡೆಸಿ ಮಗನನ್ನು ಬೆಳೆಸಿದವಳು. ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಅವಳ ತೊಡೆಯ ಮೇಲೆ ‘ಬಂಗಾರಿ’ ಎಂಬ ಹಳದಿ ಬೆಕ್ಕು, ಉದ್ದ ಕೂದಲು, ಒಂದು ಕಲೆಯಿಲ್ಲ. ನನಗೆ ಹೂಲಿಯ ತಾಯಿ ಬೆಕ್ಕು ಕಣ್ಣಮುಂದೆ ಬಂತು.

“ಯವ್ವಾ, ಬಂಗಾರಿನ ಒಂದೀಟ ನೋಡಬೇಕು.”

“ಇದಕ್ಕೇನಾಗೇತ್ರಿ? ಹೊಳಿ ಹೊಳಿ ಹೊಳಿತೈತಿ! ರೋಗದ್ದು ಹೋತಲ್ಲ, ಅಕಿ ಜೋಡಿ.”

“ಏನೂ ಇಲ್ಲಂದ್ರ ನೋಡಾಕ ಅಂಜಿಕಿ ಯಾಕ?”

ಆ ಮಾತು ಅವಳಿಗೆ ತಾಗಿತು. ಬೆಕ್ಕನ್ನು ಎತ್ತಿಕೊಂಡು ತಾನೇ ನೂಲಿನ ಕೋಣೆಗೆ ನಡೆದಳು. ಕಿಟಕಿಯಿಲ್ಲದ ಕೋಣೆ. ಈರಣ್ಣ ಬಾಗಿಲು ಹಾಕಿದ. ದೀಪ ಹಚ್ಚಿದೆ. ಹಚ್ಚಿದ್ದೇ ತಡ, ಬೆಕ್ಕಿಗೆ ಬೆಕ್ಕೇ ನೀಲಿ ಬಿಳುಪಾಗಿ ಧಗಧಗ ಹೊಳೆಯಿತು.

“ಎವ್ವಾ, ನನ್ನವ್ವಾ! ನನ್ನ ಬಂಗಾರಿ ದೇವರಾಗೇತಿ!” ಎಂದು ಗಂಗವ್ವ ಕೈಮುಗಿದಳು.

ನಾನೂ ಒಂದು ಕ್ಷಣ ಮೋಸಹೋದೆ. ಸುತ್ತ ನೋಡಿದರೆ ನೂಲಿನ ಲಡಿಗಳೂ ಹಾಗೇ ಹೊಳೆಯುತ್ತಿವೆ, ಗಂಗವ್ವನ ತಲೆಗೂದಲೂ ಹೊಳೆಯುತ್ತಿದೆ, ನನ್ನ ಸೀರೆಯೂ. ಅದು ರೋಗವಲ್ಲ, ಬಿಳಿ ಮಾಡಿದ ನೂಲಿನ ಧೂಳು. ಆ ಹೊಳಪನ್ನೇ ನಂಬಿ ಬಾಯಿ ಬಿಟ್ಟಿದ್ದರೆ ನನ್ನ ಮರ್ಯಾದೆ ಅಲ್ಲೇ ಹೋಗುತ್ತಿತ್ತು. ಒದ್ದೆ ಬಟ್ಟೆಯಿಂದ ಬೆಕ್ಕನ್ನು ಚೆನ್ನಾಗಿ ಒರೆಸಿ ಮತ್ತೆ ನೋಡಿದೆ. ನೀಲಿ ಹೋಗಿ ಬೆಕ್ಕು ಕಪ್ಪಾಯಿತು. ಕಿವಿಯ ಹಿಂದೆ, ಗದ್ದದ ಕೆಳಗೆ ಅಲ್ಲೊಂದು ಇಲ್ಲೊಂದು ಕೂದಲು ಮಾತ್ರ ಬುಡದಿಂದ ತುದಿತನಕ ಎಳೆ ಮಾವಿನಕಾಯಿಯ ಹಸಿರು.

“ನೋಡ್ರಿ. ಗಜಕರ್ಣ ಇದರ ಮೈಯಾಗೂ ಐತಿ.”

ಗಂಗವ್ವ ಸೋಲುವವಳಲ್ಲ. “ಹೌದಾ? ಹಂಗಾರ ಆ ಕಿತ್ತೂರ ಮರಿ ಹತ್ತಿಸಿ ಹೋಗೇತಿ ಹಾಳಾದ್ದು. ತಂದಾಕಿ ಅಕಿನ ಹೌದಲ್ಲ?”

ಯಾವುದು ಯಾವುದಕ್ಕೆ ಕೊಟ್ಟಿತು ಎಂದು ಬೆಕ್ಕು ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗಬೇಕೇ? ಬಂಗಾರಿ ಗಂಗವ್ವನ ಕೈ ಕೊಸರಿಕೊಂಡು ಹಾರಿ, ಮೂಲೆಯಲ್ಲಿದ್ದ ಹಾಸಿಗೆಯ ಗಂಟಿನ ಮೇಲೆ, ದಿನದ ಜಾಗವೆಂಬಂತೆ ಮುದುಡಿ ಕುಳಿತಿತು. ಆ ಗಂಟಿನ ಮೇಲಿದ್ದದ್ದು ಕೌದಿ.

ಆಗ ಹೊಳೆಯಿತು ನೋಡಿ. “ಯವ್ವಾ, ಈ ಕೌದಿ ಹೊಲಿಯೂವಾಗ ಬಂಗಾರಿ ಎಲ್ಲಿ ಕುಂದ್ರತಿತ್ತು?”

“ಎಲ್ಲಿ ಕುಂದ್ರತೈತಿ? ನನ್ನ ತೊಡಿ ಮ್ಯಾಲ. ಆರ ತಿಂಗಳ ಇಬ್ಬರೂ ಕೂಡೇ ಹೊಲದೇವಿ,” ಎಂದು ಹೆಮ್ಮೆಯಿಂದ ಹೇಳಿದಳು.

“ಒಂದ ಮೂಲಿ ಬಿಚ್ಚಬೇಕು.”

“ಬಿಚ್ಚಬ್ಯಾಡ್ರಿ! ಅದು ಉಂಡ ಕೌದಿ!” ಎಂದು ಗಂಗವ್ವ ಅಡ್ಡ ಬಂದಳು. ನಮ್ಮ ಕಡೆ ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರ ಮನೆಯೂ ಹಸಿಯುತ್ತದೆ ಎಂಬ ನಂಬಿಕೆ. ಹಾಗೆ ಉಣಿಸಿದ ಕೌದಿಯ ಹೊಟ್ಟೆ ಯಾರೂ ಬಗೆಯುವುದಿಲ್ಲ. ನಾನು ಕೈ ಹಿಂದೆ ತೆಗೆದೆ. ಆ ನಂಬಿಕೆಯನ್ನು ನಾನೇ ಹರಿಯಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಈರಣ್ಣ ಗೂಟಕ್ಕೆ ಹಾಕಿದ್ದ ಕತ್ತರಿ ತೆಗೆದುಕೊಂಡ. ತಾಯಿಯ ಮುಂದೆ ಒಂದು ಮಾತು ಆಡದಿದ್ದವನು, ಕೌದಿಯನ್ನು ಎಳೆದು, ಮೂಲೆಯ ಹೊಲಿಗೆಗೆ ಕತ್ತರಿ ಹಾಕಿ ಚರ್ರನೆ ಬಿಚ್ಚಿದ. ದೀಪ ಹಿಡಿದೆ. ಎರಡು ಅರಿವೆಯ ಪದರಗಳ ನಡುವೆ, ಒಣಗಿ ಕಲ್ಲಾದ ರೊಟ್ಟಿಯ ಚೂರಿನ ಪಕ್ಕದಲ್ಲೇ, ಹಸಿರು ಕೂದಲು. ಇನ್ನಷ್ಟು ಬಿಚ್ಚಿದ. ಇನ್ನಷ್ಟು ಹಸಿರು ಕೂದಲು, ದಾರದ ಕೆಳಗೆ ಸಿಕ್ಕಿಕೊಂಡು, ಹೊಲಿಗೆಯೊಳಗೇ ಸೇರಿ ಹೋದವು.

“ಯವ್ವಾ,” ಎಂದ ಈರಣ್ಣ. “ಇದನ್ನ ಹೊಲದಾಕಿ ನೀನ. ನೀ ಹೊಲಿಯೂವಾಗ ನೀಲವ್ವ ಕಿತ್ತೂರಾಗಿದ್ಲು. ಆ ಮರಿ ಇನ್ನೂ ಹುಟ್ಟೇ ಇರಲಿಲ್ಲ.” ಆಮೇಲೆ ಧೋತರ ಮೇಲೆತ್ತಿ ತನ್ನ ಕಾಲು ತೋರಿಸಿದ. “ಇದೂ ಅಕಿಗಿಂತ ಮೊದಲ ನಂಗ ಆಗೇತಿ. ನಾ ಮುಚ್ಚಿಟ್ಟೆ.”

ಗಂಗವ್ವ ಬಿಚ್ಚಿದ ಮೂಲೆಯನ್ನು ಕೈಗೆತ್ತಿಕೊಂಡಳು. “ಆರ ತಿಂಗಳ ಕಣ್ಣ ಕಳಕೊಂಡ ಹೊಲದೆ,” ಎಂದಷ್ಟೇ ಅಂದಳು. ಅವಳ ಮೈಮೇಲೆ ಯಾಕೆ ಒಂದು ಕಲೆಯೂ ಏಳಲಿಲ್ಲ ಎಂದು ಕೇಳಬಹುದು. ಕೆಲವರ ಚರ್ಮ ಈ ರೋಗಕ್ಕೆ ಒಗ್ಗುವುದಿಲ್ಲ, ಅಷ್ಟೇ.

ಮರುದಿನದಿಂದ ಬಂಗಾರಿಗೆ ವಾರಕ್ಕೆರಡು ಸಲ ಸುಣ್ಣ ಗಂಧಕದ ನೀರಿನ ಸ್ನಾನ. ಕೊಳೆತ ತತ್ತಿಯ ವಾಸನೆಗೆ ಇಡೀ ಓಣಿ ಮೂಗು ಮುಚ್ಚಿತು. ನೆಲಕ್ಕೆ, ಮಗ್ಗದ ಕುಣಿಗೆ ಬ್ಲೀಚಿಂಗ್ ಪೌಡರ್. ಮನುಷ್ಯರಿಗೆ ನಾನು ಒಂದು ಗುಳಿಗೆಯನ್ನೂ ಕೊಡಲಿಲ್ಲ. ಡಾಕ್ಟರಿಗೆ ಚೀಟಿ ಬರೆದು, ಬೆಕ್ಕಿನಿಂದ ಬಂದದ್ದೆಂದು ತಿಳಿಸಿದೆ. ಅವರು ದೊಡ್ಡ ಮನಸ್ಸಿನವರು, ಮುಲಾಮು ನಿಲ್ಲಿಸಿ ಸರಿಯಾದ ಗುಳಿಗೆ ಶುರು ಮಾಡಿದರು. ಕಿತ್ತೂರಿನಲ್ಲಿ ನೀಲವ್ವನಿಗೂ ಅದೇ ಗುಳಿಗೆ, ಮರಿಗೆ ಅದೇ ಸ್ನಾನ.

ಅಷ್ಟರಲ್ಲಿ ಮೆಮೋ ಬಂತು. ಹೊಸ ಸಂಬಂಧ ಕುದುರಿಸುತ್ತಿದ್ದವರು ಯಾರೋ ಅರ್ಜಿ ಹಾಕಿದ್ದರು. ಅದೃಷ್ಟ ನೋಡಿ, ನನ್ನ ಕಾಲಂ ಅಳಿಸಿದ ಆ ಹಳೆಯ ಸಾಹೇಬರೇ ಈಗ ಜಿಲ್ಲೆಯ ಮೇಲಧಿಕಾರಿ. ಮೆಮೋದಲ್ಲಿ ಹೀಗಿತ್ತು: ತಾವು ಮನುಷ್ಯರಿಗೆ ಚಿಕಿತ್ಸೆ ನೀಡಿದ್ದೀರಿ, ಕಾರ್ಯವ್ಯಾಪ್ತಿ ಮೀರಿದ್ದೀರಿ, ಮಾಯಾದೀಪ ತೋರಿಸಿ ಜನರನ್ನು ಹೆದರಿಸಿದ್ದೀರಿ, ಸದರಿ ಮನೆಗೆ ಇನ್ನು ಹೋಗತಕ್ಕದ್ದಲ್ಲ, ವಿವರಣೆ ಕೊಡಿ.

ನಾನು ವಿವರಣೆ ಕೊಟ್ಟೆ. “ಮನುಷ್ಯರಿಗೆ ಚಿಕಿತ್ಸೆ ನೀಡಿಲ್ಲ. ಎರಡು ಬೆಕ್ಕಿಗೆ ನೀಡಿದ್ದೇನೆ. ಒಂದು ಕೌದಿಗೆ ನೀಡುವುದು ಬಾಕಿ ಇದೆ. ಅದಕ್ಕಾಗಿ ಗುರುವಾರ ಸದರಿ ಮನೆಗೆ ಹೋಗುವವಳಿದ್ದೇನೆ.” ಇದರ ಫಲ ಏನಾಯಿತೆಂದು ಇಲ್ಲೇ ಹೇಳಿ ಮುಗಿಸುತ್ತೇನೆ. 

ನನ್ನನ್ನು ಯರಗಟ್ಟಿಯ ಕಡೆ ಎತ್ತಿ ಹಾಕಿದರು. ಶಿಕ್ಷೆ ಅಂತೆ. ಯರಗಟ್ಟಿಯಲ್ಲೂ ಬೆಕ್ಕುಗಳಿದ್ದವು. ಅಲ್ಲಿಯ ರಿಜಿಸ್ಟರಿನಲ್ಲೂ ಗೆರೆ ಎಳೆದೆ.

ಗುರುವಾರ ಯಾಕೆಂದರೆ, ನೀಲವ್ವ ಒಂದು ಷರತ್ತು ಹಾಕಿದ್ದಳು. ಅಮಾವಾಸ್ಯೆಯ ಮಾತುಕತೆ ಮುರಿದುಬಿದ್ದ ಮೇಲೆ ಈರಣ್ಣ ಕರೆತರಲು ಹೋದ. ಅವಳು ಬರಲಿಲ್ಲ. “ಮಂದಿ ಮುಂದ ಬಸ್ಸ ಹತ್ತಿಸ್ಯಾರ. ಆ ಕೌದಿನ ಅತ್ತಿ ತಾವ ಕುದಸಬೇಕು, ಓಣ್ಯಾಗ, ಎಲ್ಲಾರ ಮುಂದ. ಆಗ ಬರತೇನಿ,” ಎಂದು ಹೇಳಿ ಕಳಿಸಿದಳು. ಈರಣ್ಣ ಹೆದರುತ್ತ ಹೆದರುತ್ತ ನನ್ನ ಬಳಿ ಬಂದು, “ಇದು ಭಾಳ ಆತಲ್ರಿ ಬಾಯಾರ?” ಎಂದ. “ಏನೂ ಭಾಳಾಗಿಲ್ಲ. ಔಷಧಕ್ಕೂ ಅದ ಬೇಕು. ಆ ಬೂಸ್ಟು ಕೌದ್ಯಾಗ ವರ್ಷಗಟ್ಟಲೆ ಜೀವ ಹಿಡದಿರತೈತಿ, ಕುದಸಲೇಬೇಕು,” ಎಂದೆ. ನಮ್ಮ ಹೆಂಗಸರು ಕೌದಿಯನ್ನು ವರ್ಷಕ್ಕೊಮ್ಮೆ, ಹಬ್ಬಕ್ಕೆ ಮೊದಲು ಹೊಳೆಗೆ ಒಯ್ದು ತಣ್ಣೀರಿನಲ್ಲಿ ಒಗೆಯುತ್ತಾರೆ. ತಣ್ಣೀರಿಗೆ ಈ ರೋಗ ಹೆದರುವುದಿಲ್ಲ.

ಗುರುವಾರ ಬೆಳಗ್ಗೆ ನಾನು ಹೋದಾಗ ನೀಲವ್ವ ಬುಟ್ಟಿ ಹಿಡಿದು ಓಣಿಯ ತುದಿಯಲ್ಲಿ ನಿಂತಿದ್ದಳು, ಒಳಗೆ ಹೋಗಿರಲಿಲ್ಲ. ಮನೆಯ ಮುಂದೆ ನೂಲಿಗೆ ಬಣ್ಣ ಹಾಕುವ ದೊಡ್ಡ ಹಂಡೆ ಒಲೆಯ ಮೇಲೆ ಕುದಿಯುತ್ತಿತ್ತು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ. ಗಂಗವ್ವ ಕೌದಿಯನ್ನು ಹೆಗಲ ಮೇಲೆ ಹೊತ್ತು ತಂದಳು. ಒಂದು ಗಳಿಗೆ ಅದಕ್ಕೆ ಕೆನ್ನೆ ಇಟ್ಟಳು. ಆಮೇಲೆ ಹಂಡೆಯಲ್ಲಿ ಹಾಕಿ, ಕೋಲಿನಿಂದ ಒತ್ತಿ ಮುಳುಗಿಸಿದಳು. ಹಂಡೆಯ ತಳದಲ್ಲಿ ಹಳೆಯ ಬಣ್ಣ ಉಳಿದಿತ್ತೆಂದು ಕಾಣುತ್ತದೆ. ಕೌದಿ ಹೊರಬಂದಾಗ ಹಸಿರು, ಹಳದಿ, ನೀಲಿ ತುಂಡುಗಳೆಲ್ಲ ಕೆಂಪಿಗೆ ತಿರುಗಿದ್ದವು.

ಅದನ್ನು ಹಿಂಡಿ ಬಿಸಿಲಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಗಂಗವ್ವ ಸೂಜಿ ದಾರ ತಂದು, ಈರಣ್ಣ ಬಿಚ್ಚಿದ್ದ ಮೂಲೆಯನ್ನು ಹೊಲಿಯಲು ಕುಳಿತಳು. ಕಣ್ಣು ಕಾಣದೆ ದಾರ ಪೋಣಿಸಲು ಎರಡು ಸಲ ಒದ್ದಾಡಿದಳು. ಅಲ್ಲಿಯವರೆಗೂ ದೂರ ನಿಂತಿದ್ದ ನೀಲವ್ವ ಬಂದು ಅವಳ ಕೈಯಿಂದ ಸೂಜಿ ತೆಗೆದುಕೊಂಡು, ದಾರ ಪೋಣಿಸಿ, ಕೌದಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಕುಳಿತಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ನಾನು ತಿರುಗಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡರು.

ನೀಲವ್ವ ಬಿಚ್ಚಿದ ಹೊಲಿಗೆಯನ್ನು ಮೂಲೆಯ ತನಕ ಹೊಲಿದಳು. ಮೂಲೆಗೆ ಬಂದಾಗ ಸೂಜಿ ನಿಲ್ಲಿಸಿ, ತಲೆಯೆತ್ತದೆ ಹೇಳಿದಳು:

“ಕೌದಿ ಹಸದೈತಿ, ಅತ್ತಿ. ಒಳಗ ಹೋಗಿ ರೊಟ್ಟಿ ತಗೊಂಡ ಬರ್ರಿ.”

ಗಂಗವ್ವ ಎದ್ದಳು. ಮೊಣಕಾಲ ಮೇಲೆ ಕೈ ಊರಿ, ಹೊಸ್ತಿಲು ದಾಟಿ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿದ್ದದ್ದು ಚೂರಲ್ಲ, ಇಡೀ ಒಂದು ಬಿಸಿ ರೊಟ್ಟಿ. ಒಂದು ಚೂರು ಮುರಿದು ಕೌದಿಯ ಮೂಲೆಯಲ್ಲಿಟ್ಟಳು. ಉಳಿದದ್ದನ್ನು ತನ್ನದೇ ತಾಟಿನಲ್ಲಿ ಹಾಕಿ ಸೊಸೆಯ ಮುಂದೆ ಇಟ್ಟು, ತಾನೂ ಆ ತಾಟಿಗೇ ಕೈ ಹಾಕಿ ಕುಳಿತಳು.